ಗೇಟಿನ ವರ್ಲೀನಳ ಬೀಗ

ವರ್ಲೀನ್ ಸ್ಟಕಿ ಯಾರನ್ನೂ ನಂಬುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ಆಡುತ್ತಿರುವ ಮಾತಲ್ಲ ಇದು. ಗೇಟಿಗೆ ಬಂದ ಪ್ರತಿ ಹೊಸ ಡ್ರೈವರಿಗೂ ಅವಳೇ ಮೊದಲ ದಿನ ಹೇಳುತ್ತಿದ್ದಳು: "ನಿನ್ನ ಮೇಲೆ ನಂಗೆ ದ್ವೇಷ ಇಲ್ಲ ಕಣಯ್ಯಾ. ನಂಬಿಕೆ ಇಲ್ಲ, ಅಷ್ಟೇ."

ನೆವಾಡ ರಾಜ್ಯದ ವಿನಮಕ್ಕ ಎಂಬ ಊರಿನಾಚೆ, ರೈಲು ಹಳಿಗೂ ಹೆದ್ದಾರಿಗೂ ನಡುವೆ ಇರುವ ನಮ್ಮ ಲಾರಿ ಯಾರ್ಡಿನ ಗೇಟಿನಲ್ಲಿ ಅವಳು ಹನ್ನೊಂದು ವರ್ಷ ಕೂತಳು. ಆ ಹನ್ನೊಂದು ವರ್ಷ ಅವಳ ಕೈ ತಾಗದೆ ಒಂದು ಟ್ರೈಲರೂ ಹೊರಗೆ ಹೋಗಲಿಲ್ಲ. ಸರಕು ತುಂಬಿದ ಮೇಲೆ ಬಾಗಿಲಿಗೆ ಹಾಕುವ ಸೀಲನ್ನು ಬೇರೆ ಗೇಟಿನವರು ಕುರ್ಚಿಯಲ್ಲಿ ಕೂತೇ ನೋಡಿ ನಂಬರು ಬರೆದುಕೊಳ್ಳುತ್ತಾರೆ. ಇವಳು ಎದ್ದು ಹೋಗಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಂಬರನ್ನು ಎರಡು ಸಲ ಗಟ್ಟಿಯಾಗಿ ಓದಿ, ಸೀಲನ್ನು ಎಳೆದು, ತಿರುಚಿ, ಕೊನೆಗೆ ಬಾಗಿಲ ಕೀಲುಗಳ ಮೊಳೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಭಾನುವಾರ ಚರ್ಚಿನಿಂದ ಹೊರಬಂದ ಮೇಲೂ ಬಾಗಿಲನ್ನು ಒಮ್ಮೆ ಎಳೆದು ನೋಡಿಯೇ ಹೋಗುತ್ತಿದ್ದಳು. ಪಾದ್ರಿ ಅದಕ್ಕೆ ಏನೂ ಅನ್ನುತ್ತಿರಲಿಲ್ಲ. ಅಂದರೆ ಅವರನ್ನೂ ಎಳೆದು ತಿರುಚಿ ನೋಡುತ್ತಾಳೆ ಎಂಬ ಭಯವಿರಬೇಕು.

ನಾನು ಅದೇ ಯಾರ್ಡಿನ ಒಳಗಿನ ಡ್ರೈವರ್. ಟ್ರೈಲರುಗಳನ್ನು ಈ ಸಾಲಿನಿಂದ ಆ ಸಾಲಿಗೆ ಎಳೆದು ನಿಲ್ಲಿಸುವುದು, ಕಾರ್ಖಾನೆಗೆ ಕೊಂಡುಹೋಗಿ ತುಂಬಿಸಿ ತರುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಮೈಲಿ ಓಡಿಸಿದರೂ ಊರು ದಾಟುವುದಿಲ್ಲ. ನನ್ನ ಅಜ್ಜ ಇದೇ ಗುಡ್ಡಗಳಲ್ಲಿ ಕುರಿ ಅಟ್ಟುತ್ತಿದ್ದ. ನಾನು ಟ್ರೈಲರು ಅಟ್ಟುತ್ತೇನೆ. ಕುರಿಗಳಾದರೆ ಹೇಳಿದ ಮಾತನ್ನು ಸ್ವಲ್ಪವಾದರೂ ಕೇಳುತ್ತಿದ್ದವಂತೆ. ಅಜ್ಜ ಇಟ್ಟ ಹೆಸರು ಬೆನ್ಯಾತ್. ಕರೆಯುವವರಿಗೆ ಬೆನ್ಯಾ.

ನಮ್ಮವು ಮುಚ್ಚಿದ ಪೆಟ್ಟಿಗೆಯ ಟ್ರೈಲರುಗಳು, ಡ್ರೈ ವ್ಯಾನ್ ಅನ್ನುತ್ತೇವೆ. ಐವತ್ಮೂರು ಅಡಿ ಉದ್ದ, ಮರದ ನೆಲ, ತಗಡಿನ ಗೋಡೆ, ಅದಕ್ಕಿಂತ ತೆಳುವಾದ ಛಾವಣಿ. ಒಳಗೆ ನೀರು ಹೋಗಬಾರದು, ಅದೊಂದೇ ಅದರ ಧರ್ಮ. ಹಾಗಾಗಿ ತುಂಬಿಸುವ ಮೊದಲು ಖಾಲಿ ಪೆಟ್ಟಿಗೆಯ ಒಳಗೆ ಒಬ್ಬರು ನಿಂತು, ಹೊರಗಿನಿಂದ ಬಾಗಿಲು ಮುಚ್ಚಿಸಿಕೊಂಡು, ಕತ್ತಲಲ್ಲಿ ತಲೆಯೆತ್ತಿ ನೋಡಬೇಕು. ಎಲ್ಲಾದರೂ ತೂತಿದ್ದರೆ ಬೆಳಕಿನ ಚುಕ್ಕೆ ಕಾಣುತ್ತದೆ. ಇದು ನಿಯಮ. ನೆವಾಡದಲ್ಲಿ ಈ ನಿಯಮವನ್ನು ಯಾರೂ ಪಾಲಿಸುವುದಿಲ್ಲ. ವರ್ಷಕ್ಕೆ ಎಂಟು ಇಂಚು ಮಳೆ ಬಿದ್ದರೆ ಹೆಚ್ಚು ಎನ್ನುವ ಊರಲ್ಲಿ ತೂತು ಹುಡುಕಿಕೊಂಡು ಯಾರು ಕೂರುತ್ತಾರೆ? ಕಾಗದದ ಮೇಲೆ ಸರಿ ಗುರುತು ಹಾಕಿ ಮುಂದೆ ಹೋಗುತ್ತೇವೆ. ಟ್ರೈಲರು ಮಾತ್ರ ಇಲ್ಲೇ ಇರುವುದಿಲ್ಲ, ಮಳೆಯಿರುವ ಊರಿಗೆ ಹೋಗುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ವರ್ಲೀನಳಿಗೆ ಮಾತ್ರ ಹೊಳೆಯುತ್ತಿತ್ತು. ಪ್ರತಿ ಟ್ರೈಲರಿನ ಒಳಗೂ ಅವಳೇ ನಿಲ್ಲುತ್ತಿದ್ದಳು, ಜುಲೈ ತಿಂಗಳಲ್ಲಿ ತಗಡು ಕಾದು ಒಳಗೆ ಉಸಿರು ಕಟ್ಟುವಾಗಲೂ. ಹೋಗುವ ಮೊದಲು ಇನ್ನೊಂದು ಕೆಲಸ ಮಾಡುತ್ತಿದ್ದಳು. ಸೊಂಟದ ಪಟ್ಟಿಯಿಂದ ತನ್ನ ಹಿತ್ತಾಳೆಯ ಬೀಗ ತೆಗೆದು, ಬಾಗಿಲ ಚಿಲಕದ ಕಣ್ಣಿಗೆ ಸಿಕ್ಕಿಸಿ, ಅದುಮಿ, ಬೀಗದಕೈಯನ್ನು ಜೇಬಿಗೆ ಹಾಕಿಕೊಳ್ಳುವಳು. ಆ ಬೀಗ ಅಲ್ಲಿರುವಷ್ಟು ಹೊತ್ತು ಹೊರಗಿನವರು ಬಾಗಿಲನ್ನು ಒತ್ತಿ ಮುಚ್ಚಬಹುದೇ ಹೊರತು ಚಿಲಕ ಹಾಕಲು ಆಗುವುದಿಲ್ಲ. ಬಾಗಿಲು ಮುಚ್ಚಲು ನಿಂತ ಮನುಷ್ಯನ ಎದುರಿಗೇ ಇದನ್ನು ಮಾಡುತ್ತಿದ್ದಳು. ಮೊದಲ ಸಲ ನನಗೆ ಮೈ ಉರಿದುಹೋಯಿತು.

"ನಾನು ನಿನ್ನನ್ನ ಕೂಡಿಹಾಕ್ತೀನಾ?" ಎಂದು ಕೇಳಿದ್ದೆ.

"ಇಲ್ಲ. ಯಾಕಂದ್ರೆ ಆಗಲ್ಲ," ಅಂದಳು.

ಕಾರಣವಿತ್ತು. ಗೇಟಿಗೆ ಬರುವ ಮೊದಲು ಅವಳೂ ಲಾರಿ ಓಡಿಸುತ್ತಿದ್ದವಳೇ. ಒಮ್ಮೆ ಮರುಭೂಮಿಯ ಬಾರ್ಸ್ಟೋ ಊರಿನ ಕಡೆ ಒಂದು ಗೋದಾಮಿನಲ್ಲಿ ಸರಕು ಇಳಿಸುವ ಗಂಡಸರು ತಮಾಷೆಗೆಂದು ಅವಳನ್ನು ಖಾಲಿ ಟ್ರೈಲರಿನಲ್ಲಿ ಕೂಡಿ ಚಿಲಕ ಹಾಕಿ ಊಟಕ್ಕೆ ಹೋದರಂತೆ. ಆಗಸ್ಟ್ ತಿಂಗಳು, ನಲವತ್ತು ನಿಮಿಷ. ಬಾಗಿಲು ತೆಗೆದಾಗ ಅವರು ನಗುತ್ತಿದ್ದರಂತೆ. "ನಾನು ಒಳಗೆ ಬಡೀತಾ ಇದ್ನಲ್ಲ, ಅದು ಕೇಳಿಸ್ತಿತ್ತಂತೆ ಬೆನ್ಯಾ. ಕೇಳಿಸ್ಕೊಂಡೇ ಹೋಗಿದ್ರು," ಅಂದಳು. ಈ ಕಥೆಯನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ಆಮೇಲೆ ಬೀಗದ ಮಾತು ನಾನೂ ಎತ್ತಲಿಲ್ಲ.

ಅವಳ ಅನುಮಾನದ ಪಟ್ಟಿಯಲ್ಲಿ ಕಾಗೆಗಳಿಗೆ ಮೊದಲ ಜಾಗ. ಇಲ್ಲಿಯ ಕಾಗೆಗಳು ಕೋಳಿಯಷ್ಟು ದಪ್ಪ, ಮಹಾ ಕಿಲಾಡಿಗಳು. ಪ್ಲಾಸ್ಟಿಕ್ ಸೀಲಿನ ಬಣ್ಣದ ಬಾಲ ಕಂಡರೆ ಅವಕ್ಕೆ ಹುಚ್ಚು. ಕುಕ್ಕಿ, ಎಳೆದು, ಹರಿದೇ ಬಿಡುತ್ತವೆ. ಸೀಲು ಹರಿದರೆ ಒಳಗಿನ ಸರಕು ನೆಟ್ಟಗಿದ್ದರೂ ಆಚೆ ಊರಿನವರು ಇಳಿಸಿಕೊಳ್ಳುವುದಿಲ್ಲ. ವರ್ಲೀನಳ ಲೆಕ್ಕದಲ್ಲಿ ಕಾಗೆಗಳಿಗೆ ಇದು ಗೊತ್ತು, ಬೇಕೆಂದೇ ಮಾಡುತ್ತವೆ. ಅದಕ್ಕೇ ತೀರಿಹೋದ ಗಂಡ ಆರ್ಲೋನ ಸಣ್ಣ ಬಂದೂಕನ್ನು ಗೇಟಿನ ಕೋಣೆಯ ಬಾಗಿಲ ಹಿಂದೆ ಇಟ್ಟುಕೊಂಡಿದ್ದಳು. ಯಾರ್ಡಿನಲ್ಲಿ ಬಂದೂಕು ಇಡಬಾರದು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಆ ಬರಹದ ಕೆಳಗೇ ಅದು ಒರಗಿ ನಿಂತಿರುತ್ತಿತ್ತು. ಮ್ಯಾನೇಜರು ನೋಡಿಯೂ ನೋಡದ ಹಾಗಿದ್ದ. ಒಂದು ಕಾಗೆಯೂ ಅವಳ ಕೈಯಲ್ಲಿ ಸತ್ತದ್ದಿಲ್ಲ. "ಹೆದರ್ಸೋಕೆ ಹೊಡೀತೀನಿ, ಕೊಲ್ಲೋಕಲ್ಲ," ಅನ್ನುತ್ತಿದ್ದಳು. ಗುರಿ ಸರಿಯಿಲ್ಲದವರೆಲ್ಲ ಹಾಗೇ ಹೇಳುವುದು ಎಂದು ನಾನು ಕಿಚಾಯಿಸುತ್ತಿದ್ದೆ.

ಇಂಥ ಗೇಟಿಗೆ ತೊಂಬತ್ತೆಂಟರ ವಸಂತದಲ್ಲಿ ಟೆವಿಟಾ ವೈನಿಕೊಲೊ ಬಂದ. ಟೋಂಗಾ ದ್ವೀಪದ ಮೂಲದವನು, ಸಾಲ್ಟ್ ಲೇಕ್ ಊರಿನಲ್ಲಿ ಬೆಳೆದವನು. ಆರೂವರೆ ಅಡಿ ಎತ್ತರ, ಲಾರಿಯ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಇಳಿಯಬೇಕಾದಷ್ಟು ಅಗಲ. ಚಕ್ರಕ್ಕೆ ಗಾಳಿ ತುಂಬಿಸುವಾಗಲೂ ದೇವರ ಹಾಡು ಹಾಡಿಕೊಳ್ಳುತ್ತಿದ್ದ. ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ವರ್ಲೀನ್ ಸೀಲು ನೋಡಿ, ಕೀಲು ನೋಡಿ, ಅವನ ಸೀಟಿನ ಹಿಂದಿನ ಹಾಸಿಗೆ ಎತ್ತಿ ನೋಡಿದರೂ "ಆಗಲಿ ಅಮ್ಮಾ" ಎಂದು ಬದಿಗೆ ನಿಲ್ಲುತ್ತಿದ್ದ. ಅಲ್ಲಿಗೆ ಅವಳ ಅನುಮಾನ ಗಟ್ಟಿಯಾಯಿತು.

"ಇಪ್ಪತ್ತು ವರ್ಷದಲ್ಲಿ ಜಗಳ ಆಡದಿರೋ ಡ್ರೈವರ್ ನೋಡಿದ್ದೀಯಾ ನೀನು?" ಎಂದು ನನ್ನನ್ನು ಕೇಳಿದಳು. "ಏನೋ ಮುಚ್ಚಿಟ್ಟಿದಾನೆ."

"ಒಳ್ಳೇ ಮನುಷ್ಯ ಇರ್ಬೋದು ಮಾರಾಯ್ತಿ."

"ಒಳ್ಳೆಯವನಾದ್ರೆ ಅಷ್ಟು ಒಳ್ಳೆಯವನಾಗಿ ಯಾಕಿರ್ತಾನೆ?"

ಒಂದು ದಿನ ಅವನು ಹೆಂಡತಿ ಮಾಡಿದ ತೆಂಗಿನಹಾಲಿನ ಬನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ವರ್ಲೀನ್ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು, ಲಾರಿ ಗೇಟು ದಾಟಿದ ಕೂಡಲೇ ಗಂಟನ್ನು ನನ್ನ ಕಡೆ ತಳ್ಳಿದಳು.

"ನೀನು ತಿನ್ನು."

"ನಿಂಗೆ?"

"ನೀನು ತಿನ್ನು, ಅರ್ಧ ಗಂಟೆ ನೋಡೋಣ."

ನಾನು ಮೂರು ತಿಂದೆ. ಏನೂ ಆಗಲಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಉಳಿದವೂ ಮುಗಿದಿದ್ದವು, ಅದಕ್ಕೂ ಬೈಸಿಕೊಂಡೆ. ನಿಜ ಹೇಳಬೇಕೆಂದರೆ ಅವಳ ಮಾತು ನನ್ನ ಕಿವಿಯಲ್ಲೂ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಟೆವಿಟಾ ನನ್ನ ಹೆಗಲ ಮೇಲೆ ಕೈ ಹಾಕಿದರೆ ನಾನು ಹಿಂದಿನ ಜೇಬು ಮುಟ್ಟಿಕೊಳ್ಳುವಂತಾಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಟೋಬರಿನಲ್ಲಿ ಆ ಸಂಗತಿ ನಡೆಯಿತು. ಸೋಮವಾರ 4417 ನಂಬರಿನ ಟ್ರೈಲರನ್ನು ವರ್ಲೀನ್ ಬೆಳಕಿಗೆ ಪರೀಕ್ಷಿಸಿದಳು. ಬಾಗಿಲು ಮುಚ್ಚಿದವನು ನಾನೇ. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಮಂಗಳವಾರ ಅದನ್ನು ಕಾರ್ಖಾನೆಗೆ ಒಯ್ದು ಬಿಳಿ ಮಣ್ಣಿನ ಕಾಗದದ ಚೀಲಗಳನ್ನು ತುಂಬಿಸಿ, ಸೀಲು ಹಾಕಿಸಿ ತಂದೆ. ನಮ್ಮ ಗುಡ್ಡಗಳಲ್ಲಿ ಅಗೆಯುವ ಈ ಮಣ್ಣು ಹಗುರ, ಹಿಟ್ಟಿನ ಹಾಗೆ ನುಣುಪು. ಎಣ್ಣೆ ಚೆಲ್ಲಿದರೆ ಹೀರುತ್ತದೆ, ಬೆಕ್ಕು ಸಾಕಿದವರೂ ಕೊಳ್ಳುತ್ತಾರೆ. ಹೀರುವುದೊಂದೇ ಅದಕ್ಕೆ ಗೊತ್ತಿರುವ ವಿದ್ಯೆ. ಟ್ರೈಲರನ್ನು ಮೂರನೇ ಸಾಲಿನ ಐದನೇ ಜಾಗದಲ್ಲಿ ನಿಲ್ಲಿಸಿದೆ. ಗೇಟಿನ ಕೋಣೆಯಿಂದ ಇಪ್ಪತ್ತು ಹೆಜ್ಜೆ, ಎಡಪಕ್ಕೆ ಕೋಣೆಯ ಕಡೆಗೆ. ಗುರುವಾರ ಬೆಳಿಗ್ಗೆ ಟೆವಿಟಾ ಅದನ್ನು ಎಳೆದುಕೊಂಡು ಆರಿಗನ್ ರಾಜ್ಯದ ಯೂಜೀನಿಗೆ ಹೊರಟ. ಗೇಟಿನಲ್ಲಿ ಸೀಲು ಎಳೆದು ತಿರುಚಿ ನೋಡಿದ್ದಾಯಿತು, ಎಲ್ಲ ಸರಿಯಿತ್ತು.

ದಾರಿಯಲ್ಲಿ ಕ್ಲಾಮತ್ ಊರು ದಾಟಿದ ಮೇಲೆ ಅವನಿಗೆ ಮಳೆ ಹಿಡಿಯಿತಂತೆ. ಘಟ್ಟದ ಉದ್ದಕ್ಕೂ ಬಿಡದೆ ಸುರಿಯಿತಂತೆ. ಶುಕ್ರವಾರ ಬೆಳಿಗ್ಗೆ ಯೂಜೀನಿನಲ್ಲಿ ಬಾಗಿಲು ತೆಗೆದರೆ ಮುಂದಿನ ಬಲಮೂಲೆಯ ಚೀಲಗಳೆಲ್ಲ ಒಡೆದು, ಬಿಳಿ ಗಂಜಿ ನೆಲದುದ್ದಕ್ಕೂ ಹರಿದು ಬಂದಿತ್ತು. ಅಲ್ಲಿಯವರು ಇಡೀ ಸರಕನ್ನು ಬೇಡವೆಂದರು. ಹಿಂದಿನ ರಾತ್ರಿ ಎಲ್ಲಿ ನಿಲ್ಲಿಸಿದ್ದೆ ಎಂದು ಕೇಳಿದರು. ಸುಳ್ಳು ಹೇಳಲು ಬಾರದ ಈ ಮನುಷ್ಯ ಅಕ್ಕನ ಮನೆಯ ಹತ್ತಿರ, ಮರದ ಕೆಳಗೆ, ಎಂದುಬಿಟ್ಟ. ಅಲ್ಲಿಗೆ ಕಥೆ ಮುಗಿಯಿತು. ಕೊಂಬೆ ತಾಗಿಸಿ ಛಾವಣಿ ಹರಿದುಕೊಂಡಿದ್ದಾನೆ, ಹೇಳದೆ ಮುಚ್ಚಿಟ್ಟಿದ್ದಾನೆ ಎಂದು ಸ್ಪಾರ್ಕ್ಸ್ ಊರಿನಲ್ಲಿದ್ದ ನಮ್ಮ ಮುಖ್ಯ ಕಚೇರಿ ಟ್ರೈಲರಿನ ಮುಖವನ್ನೂ ನೋಡದೆ ತೀರ್ಮಾನಿಸಿತು.

ಟೆವಿಟಾನ ದಾಖಲೆಯಲ್ಲಿ ಹಿಂದಿನ ಕಂಪನಿಯ ಒಂದು ಕಪ್ಪು ಗುರುತು ಆಗಲೇ ಇತ್ತು. ಇನ್ನೊಂದು ಬಿದ್ದರೆ ಕೆಲಸ ಹೋಗುತ್ತದೆ. ಆ ಗುರುತು ಅವನು ಹೋದಲ್ಲೆಲ್ಲ ಹಿಂದೆಯೇ ಬರುತ್ತದೆ, ಈ ಹೆದ್ದಾರಿಯ ಉದ್ದಕ್ಕೂ ಯಾವ ಕಂಪನಿಯೂ ಅವನ ಕೈಗೆ ಮತ್ತೆ ಕೀಲಿ ಕೊಡುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಲಾರಿ ಓಡಿಸುವುದೊಂದೇ. ಮನೆಯಲ್ಲಿ ಹೆಂಡತಿ, ತಾಯಿ, ಮೂವರು ಹೆಣ್ಣುಮಕ್ಕಳು.

ಅವನ ಕುತ್ತಿಗೆಗೆ ಉರುಳು ಬಿಗಿಯಲು ಕಚೇರಿಗೆ ಬೇಕಿದ್ದದ್ದು ಒಂದೇ ಮಾತು: ಟ್ರೈಲರು ಇಲ್ಲಿಂದ ಹೊರಟಾಗ ನೆಟ್ಟಗಿತ್ತು ಎಂಬ ಮಾತು. ಬೇರೆ ಗೇಟಾಗಿದ್ದರೆ ಅದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಆದರೆ ಇಡೀ ಕಂಪನಿಯಲ್ಲಿ ನಿಜವಾಗಿ ಕತ್ತಲಲ್ಲಿ ನಿಂತು ನೋಡುವವಳು ವರ್ಲೀನ್ ಒಬ್ಬಳೇ ಎಂಬುದು ಸ್ಪಾರ್ಕ್ಸಿನವರಿಗೂ ಗೊತ್ತಿತ್ತು.

"ನಾನು ಹೇಳ್ಲಿಲ್ವಾ?" ಎಂದಳು ವರ್ಲೀನ್, ಮುಂದಿನ ಸೋಮವಾರ ಬೆಳಿಗ್ಗೆ, ಫೋನು ಇಟ್ಟು. ಅವಳ ಮುಖದಲ್ಲಿ ಗೆಲುವಿತ್ತು. "ಅಕ್ಕನ ಮನೆಯಂತೆ. ಮರವಂತೆ. ಅಷ್ಟು ದೊಡ್ಡ ಶರೀರ ಇಟ್ಕೊಂಡು ಕೊಂಬೆ ಕಾಣಲಿಲ್ವಂತೆ. ಪ್ರೂಯಿಟ್ ಎರಡು ಗಂಟೆಗೆ ಬರ್ತಾನೆ, ಸಹಿ ಹಾಕ್ತೀನಿ."

ಪ್ರೂಯಿಟ್ ಅಂದರೆ ಸುರಕ್ಷತೆಯ ಅಧಿಕಾರಿ. ಅವನು ಯಾರ್ಡಿಗೆ ಬಂದ ದಿನ ಯಾರಾದರೊಬ್ಬರು ಮನೆಗೆ ಹೋಗುತ್ತಾರೆ.

ಟೆವಿಟಾ ಹನ್ನೊಂದಕ್ಕೆ ಅದೇ 4417ನ್ನು ಖಾಲಿ ಎಳೆದುಕೊಂಡು ಬಂದ. ಹಾಡಿಕೊಳ್ಳುತ್ತಿರಲಿಲ್ಲ. ಅವನ ಲಾರಿ ಕಳಚಿ ನಾನು ಟ್ರೈಲರನ್ನು ಎಳೆದು, ಅಭ್ಯಾಸದಂತೆ ಅದರ ಹಳೆಯ ಜಾಗಕ್ಕೇ, ಮೂರನೇ ಸಾಲಿನ ಐದಕ್ಕೇ ಹಿಮ್ಮೆಟ್ಟಿಸಿದೆ. ಅವನು ನೇರವಾಗಿ ಗೇಟಿನ ಕೋಣೆಯ ಮೆಟ್ಟಿಲ ಹತ್ತಿರ ಹೋಗಿ ಟೋಪಿ ತೆಗೆದು ನಿಂತ. ಮೆಟ್ಟಿಲ ಮೇಲೆ ತನ್ನ ಕುರ್ಚಿಯಲ್ಲಿ, ಕೆಂಪು ದಿಂಬಿನ ಮೇಲೆ ವರ್ಲೀನ್ ಕೂತಿದ್ದಳು.

"ಅಮ್ಮಾ, ಸಹಿ ಹಾಕೋಕೆ ಮುಂಚೆ ಒಂದ್ಸಲ ಒಳಗೆ ನಿಂತು ನೋಡ್ತೀರಾ? ಅಲ್ಲಿ ಮೋಡ ಇತ್ತು, ನಂಗೇನೂ ಕಾಣಲಿಲ್ಲ. ಇಲ್ಲಿ ಬಿಸಿಲಿದೆ."

"ನೀನೇ ನೋಡ್ಕೋ."

"ನಾನು ನೋಡಿದ್ರೆ ನೀವು ನಂಬಲ್ಲ."

ಅದು ಅವಳಿಗೆ ಹಿಡಿಸಿತು. ಎದ್ದಳು. ಆದರೆ ನಡೆಯುತ್ತಾ ನನ್ನ ಪಕ್ಕಕ್ಕೆ ಬಂದು, "ನೀನೂ ಇಲ್ಲೇ ಇರು ಬೆನ್ಯಾ. ಕೆಲಸ ಹೋಗೋ ಗಂಡಸು, ನಾನು ಒಳಗೆ, ಬಾಗಿಲು ಅವನ ಕೈಲಿ. ಯಾಕೋ ಸರಿ ಕಾಣ್ತಿಲ್ಲ," ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ರೈಲು ಹಳಿಯವರೆಗೂ ಕೇಳುತ್ತದೆ. ಟೆವಿಟಾ ನೆಲ ನೋಡಿದ. ಅವಳು ಬೀಗ ತೆಗೆದು ಚಿಲಕದ ಕಣ್ಣಿಗೆ ಹಾಕಿ ಎರಡು ಸಲ ಎಳೆದು ನೋಡಿ ಒಳಗೆ ಹೋದಳು. ಅವನು ಮೆಲ್ಲಗೆ ಬಾಗಿಲು ಒತ್ತಿದ.

ಎರಡು ನಿಮಿಷ ಕಳೆದು ಒಳಗಿನಿಂದ ಬಡಿದಳು. ಹೊರಬಂದವಳ ಹುಬ್ಬು ಗಂಟಿಕ್ಕಿತ್ತು.

"ಎರಡಿವೆ. ಒಂದು ಎಡಗೋಡೆ ಮೇಲ್ಗಡೆ, ಒಂದು ಛಾವಣಿ ಬಲಗಡೆ. ಎರಡೂ ದುಂಡಗಿವೆ."

"ಕೊಂಬೆ ದುಂಡಗೆ ಕೊರೆಯತ್ತಾ ಅಮ್ಮಾ?" ಎಂದ ಟೆವಿಟಾ.

"ನೀನೇ ಮೊಳೆ ಹೊಡೆದಿರ್ಬೋದು," ಎಂದಳು, ಆದರೆ ಮಾತಿನಲ್ಲಿ ಬಲವಿರಲಿಲ್ಲ. "ಬೆನ್ಯಾ, ಪ್ಯಾಲೆಟ್ ತಂದು ಪೇರಿಸು ಒಳಗೆ. ಹತ್ತಿ ನೋಡ್ಬೇಕು."

ಸರಕಿನ ಕೆಳಗೆ ಹಾಕುವ ಎಂಟು ಮರದ ಪ್ಯಾಲೆಟ್ಟುಗಳನ್ನು ನಾನು ಎಡಗೋಡೆಗೆ ಒತ್ತಿ ಪೇರಿಸಿದೆ. ಟೆವಿಟಾ ಕೈ ನೀಡಿದ. ಅವಳು ಅದನ್ನು ಸರಿಸಿ ಒಬ್ಬಳೇ ಹತ್ತಿದಳು. ಬಾಗಿಲು ಮತ್ತೆ ಮುಚ್ಚಿತು.

ಹೊರಗೆ ನಿಂತವನು ನಾನು ಸುಮ್ಮನೆ ಟ್ರೈಲರಿನ ಎಡಗೋಡೆಯ ಮೇಲ್ತುದಿ ನೋಡಿದೆ. ಹೊಳೆಯುವ ಬಿಳಿ ಬಣ್ಣದಲ್ಲಿ ಬೆರಳ ತುದಿಯಷ್ಟು ಕಪ್ಪು. ಅಲ್ಲಿಂದ ತಿರುಗಿ ಎದುರಿಗೆ ನೋಡಿದೆ. ಅಲ್ಲಿ ಗೇಟಿನ ಕೋಣೆಯ ಮೆಟ್ಟಿಲಿತ್ತು.

ಬುಧವಾರ. ಹೋದ ವಾರ, ಸಂಜೆ ನಾಲ್ಕರ ಹೊತ್ತು. ನಾನು ಇದೇ ಮೆಟ್ಟಿಲ ಕೆಳಗೆ ಕೂತು ಬ್ರೆಡ್ಡಿನಲ್ಲಿ ಚೊರೀಸೊ ಎಂಬ ಖಾರದ ಮಾಂಸದ ತುಂಡು ಇಟ್ಟುಕೊಂಡು ತಿನ್ನುತ್ತಿದ್ದೆ. 4417ರ ಛಾವಣಿಯ ಮುಂದಿನ ಅಂಚಿನಲ್ಲಿ ಕಾಗೆಯೊಂದು ಕೂತು ಸೀಲಿನ ಕಡೆ ಕತ್ತು ಹೊರಳಿಸುತ್ತಿತ್ತು. ವರ್ಲೀನ್ ಕುರ್ಚಿಯಿಂದ ಎದ್ದು ಆರ್ಲೋನ ಬಂದೂಕು ತಂದಳು, ಮೆಟ್ಟಿಲ ಮೇಲೆ ನಿಂತೇ ಹೊಡೆದಳು. ಕಾಗೆ ಹಾರಿಹೋಯಿತು. "ಹೆದರ್ಸೋಕೆ," ಅಂದಳು. ನಾನು ನಕ್ಕೆ, ಚೊರೀಸೊ ಗಂಟಲಿಗೆ ಸಿಕ್ಕಿ ಕೆಮ್ಮಿದೆ. ಗುಂಡು ಎಲ್ಲಿ ಹೋಯಿತು ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ. ಯಾರ್ಡಿಗೆ ಬಂದವರನ್ನೆಲ್ಲ ಅನುಮಾನಿಸಿ ಇಟ್ಟಿದ್ದೆವು, ನಮ್ಮನ್ನು ನಾವು ಬಿಟ್ಟು.

ವರ್ಲೀನ್ ಹೊರಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು. ಟೆವಿಟಾನ ಕಡೆ ನೋಡಲಿಲ್ಲ.

"ವರ್ಲೀನ್," ಅಂದೆ, "ಬುಧವಾರ ನೀನು..."

"ಬಾಯ್ಮುಚ್ಚು ಬೆನ್ಯಾ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೆವಿಟಾ ನನ್ನ ಮುಖ ನೋಡಿದ. ನಾನು ಹೇಳಬೇಕಿತ್ತು. ಹೇಳಲಿಲ್ಲ. ಹನ್ನೊಂದು ವರ್ಷ ಒಟ್ಟಿಗೆ ಕಾಫಿ ಕುಡಿದ ಹೆಂಗಸು. ಬಂದೂಕಿನ ಸಂಗತಿ ಹೊರಬಿದ್ದರೆ ಸಂಜೆಯೊಳಗೆ ಅವಳನ್ನು ಮನೆಗೆ ಕಳಿಸುತ್ತಾರೆ. ಅರವತ್ನಾಲ್ಕು ವರ್ಷ, ಮಕ್ಕಳಿಲ್ಲ, ಆ ಗೇಟು ಬಿಟ್ಟರೆ ಅವಳಿಗೆ ಬೇರೆ ಜಗತ್ತಿಲ್ಲ. ಇತ್ತ ಈ ಮನುಷ್ಯ. ಅವನ ಮೂವರು ಹೆಣ್ಣುಮಕ್ಕಳು.

ಒಂದೂವರೆಗೆ ಕೋಣೆಯ ಹಿಂಬಾಗಿಲಿನಿಂದ ಅವಳು ಹಳೆಯ ಕಂಬಳಿಯಲ್ಲಿ ಉದ್ದನೆಯದೇನನ್ನೋ ಸುತ್ತಿ ತಂದು ತನ್ನ ಪಿಕಪ್ ಗಾಡಿಯ ಸೀಟಿನ ಮೇಲೆ ಇಟ್ಟದ್ದನ್ನು ಕಂಡೆ. ಮುಚ್ಚಿಹಾಕುತ್ತಿದ್ದಾಳೆ! ನನಗೆ ಖಾತ್ರಿಯಾಯಿತು. ಲೋಕವನ್ನೆಲ್ಲ ಎಳೆದು ತಿರುಚಿ ನೋಡಿದವಳು ತನ್ನ ಸರದಿ ಬಂದಾಗ ಕಂಬಳಿ ಹೊದಿಸುತ್ತಾಳೆ. ಅವಳು ಸಹಿ ಹಾಕಿದ ಕೂಡಲೇ ಪ್ರೂಯಿಟ್‌ಗೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಹೇಳುತ್ತಿದ್ದೆನೇ? ಇವತ್ತಿಗೂ ಗೊತ್ತಿಲ್ಲ.

ಪ್ರೂಯಿಟ್ ಸರಿಯಾಗಿ ಎರಡಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ನಮ್ಮ ಧೂಳಿಗೆ ತಕ್ಕುದಲ್ಲದ ಬೂಟು. ಹಲಗೆಗೆ ಸಿಕ್ಕಿಸಿದ ಕಾಗದವನ್ನು ವರ್ಲೀನಳ ಮುಂದೆ ಹಿಡಿದ.

"ಇಲ್ಲಿ ಒಂದು ಸಹಿ ಸಾಕು ವರ್ಲೀನ್. ಹೋದ ಸೋಮವಾರ ನೋಡಿದಾಗ ತೂತು ಇರಲಿಲ್ಲ ಅಂತ."

"ಇರಲಿಲ್ಲ. ಅದು ನಿಜ. ಒಳಗೆ ಬನ್ನಿ, ತೋರಿಸ್ತೀನಿ."

"ಅದೇನೂ ಬೇಡ. ನಿಮ್ಮ ಮಾತಿನ ಮೇಲೆ ನನಗೆ ಪೂರ್ತಿ ನಂಬಿಕೆ."

"ತಪ್ಪು ಮಾಡ್ತಿದೀರಿ," ಎಂದಳು ವರ್ಲೀನ್. "ನನ್ನನ್ನ ನಂಬಬೇಡಿ. ಒಳಗೆ ಬನ್ನಿ."

ಅವಳ ದನಿಗೆ ಅವನು ಎದುರಾಡಲಿಲ್ಲ. ಟ್ರೈಲರಿನ ಹಿಂದೆ ಮೂವರೂ ಸೇರಿದೆವು, ಟೆವಿಟಾ ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತಿದ್ದ. ಬೀಗ ಬೆಳಗ್ಗಿನಿಂದ ಚಿಲಕದ ಕಣ್ಣಲ್ಲೇ ತೂಗುತ್ತಿತ್ತು. ವರ್ಲೀನ್ ಜೇಬಿನಿಂದ ಬೀಗದಕೈ ತೆಗೆದಳು, ಬೀಗ ಬಿಚ್ಚಿದಳು. ಒಂದು ಗಳಿಗೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಬೀಗ, ಬೀಗದಕೈ ಎರಡನ್ನೂ ಟೆವಿಟಾನ ಅಂಗೈಯಲ್ಲಿ ಇಟ್ಟಳು.

"ಚಿಲಕ ಹಾಕು," ಅಂದಳು. "ಅರ್ಧಂಬರ್ಧ ಒತ್ತಿದ್ರೆ ಸಂದಿಯಿಂದ ಬೆಳಕು ಬರತ್ತೆ. ಪೂರ್ತಿ ಹಾಕು."

"ಅಮ್ಮಾ, ಬೀಗ..."

"ಕಿವಿ ಕೇಳಿಸಲ್ವಾ ನಿಂಗೆ?"

ಅವಳು ಪ್ರೂಯಿಟ್‌ನನ್ನು ಕರೆದುಕೊಂಡು ಒಳಗೆ ಹತ್ತಿದಳು. ಬಾರ್ಸ್ಟೋವಿನ ನಲವತ್ತು ನಿಮಿಷ ನನಗೆ ನೆನಪಾಯಿತು, ಅವಳಿಗೆ ನೆನಪಾಗದೆ ಇರುತ್ತದೆಯೇ? ಟೆವಿಟಾ ಬಾಗಿಲು ಮುಚ್ಚಿ ಚಿಲಕ ಹಾಕಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳಿದ್ದ ಪೆಟ್ಟಿಗೆಗೆ ಚಿಲಕ ಬಿದ್ದ ಸದ್ದು ಕೇಳಿದೆ.

ತಗಡಿನ ಗೋಡೆಯಾಚೆಯಿಂದ ಮಾತು ನೆಟ್ಟಗೆ ಕೇಳುತ್ತಿತ್ತು. ಮೊದಲು ವರ್ಲೀನಳ ದನಿ.

"ಏನು ಕಾಣ್ತಿದೆ?"

"ಎರಡು ಚುಕ್ಕೆ."

"ಪ್ಯಾಲೆಟ್ ಹತ್ತಿ. ಬೂಟು ಧೂಳಾದ್ರೆ ಆಗಲಿ. ಗೋಡೆಯ ತೂತಿಗೆ ಕಣ್ಣಿಡಿ. ಅಲ್ಲ, ಛಾವಣಿ ತೂತು ತಲೆ ಹಿಂದೆ ಬರೋ ಹಾಗೆ ನಿಂತು, ಅದರ ನೇರಕ್ಕೆ ನೋಡಿ. ಹಾಂ. ಈಗ ಏನು ಕಾಣ್ತಿದೆ?"

ಸ್ವಲ್ಪ ಹೊತ್ತು 'ಉಸ್ಸ್' ಎನ್ನುವ ಏದುಸಿರು. ಆಮೇಲೆ ಪ್ರೂಯಿಟ್‌ನ ದನಿ: "ಗೇಟಿನ ಕೋಣೆ. ಮೆಟ್ಟಿಲು."

"ಮೆಟ್ಟಿಲ ಮೇಲೆ?"

"ಒಂದು ಕುರ್ಚಿ. ಕೆಂಪು ದಿಂಬು."

"ಯಾರ ಕುರ್ಚಿ?"

ಟೆವಿಟಾ ನನ್ನ ಕಡೆ ತಿರುಗಿ ನೋಡಿದ, ನಾನು ತಲೆ ತಗ್ಗಿಸಿದೆ.

"ಯಾರ ಕುರ್ಚಿ ಅಂತ ಕೇಳ್ದೆ."

"ನಿಮ್ಮದು, ವರ್ಲೀನ್."

"ಇನ್ನೊಂದ್ಸಲ ಗಟ್ಟಿಯಾಗಿ ಹೇಳಿ."

"ನಿಮ್ಮ ಕುರ್ಚಿ."

"ಬುಧವಾರ ಸಂಜೆ ಅಲ್ಲಿ ನಿಂತು ಕಾಗೆಗೆ ಹೊಡೆದೆ. ಬಂದೂಕು ನನ್ನ ಗಾಡೀಲಿದೆ, ಕಂಬಳಿ ಒಳಗೆ, ಗುಂಡು ತೆಗೆದಿಟ್ಟಿದೀನಿ. ಅದನ್ನ ತಗೊಂಡು ಹೋಗಿ. ಸಹಿ ಅದಕ್ಕೆ ಹಾಕ್ತೀನಿ. ಬರ್ಕೊಳ್ಳಿ. ಆ ಹುಡುಗನ ಹೆಸರು ಎಲ್ಲೂ ಬರಬಾರದು."

ಆ ಹುಡುಗನಿಗೆ ನಲವತ್ತೊಂದು ವರ್ಷ. ಬೀಗವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಅವಳು ಬಡಿಯುವ ಮೊದಲೇ ಚಿಲಕ ತೆಗೆದು ಬಾಗಿಲನ್ನು ಪೂರ್ತಿ ಬಿಚ್ಚಿದ.

ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ವರ್ಲೀನ್ ಬಾಗಿಲಂಚಿಗೆ ಬಂದಳು. ಕೆಳಗಿಳಿಯಲು ಅವನು ಕೈ ನೀಡಿದ. ಈ ಸಲ ಹಿಡಿದುಕೊಂಡಳು.

"ನಾನು ಬಡಿಯೋಕೆ ಮುಂಚೆ ಯಾಕೆ ತೆಗೆದೆ?" ಎಂದಳು, ಅನುಮಾನದಿಂದ.

"ಒಳಗೆ ಸೆಖೆ ಇರತ್ತೆ ಅಂತ, ಅಮ್ಮಾ."

"ಅಕ್ಟೋಬರಲ್ಲಿ?"

ಅವಳು ತಪ್ಪಾಯಿತು ಎಂದೇನೂ ಹೇಳಲಿಲ್ಲ. ಹೇಳುವ ಹೆಂಗಸಲ್ಲ. ಆದರೆ ಅವನ ಕೈಯನ್ನು ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಅವಳನ್ನು ಕಳ್ಳಿ ಎಂದುಕೊಂಡ ನನ್ನ ಅರ್ಧ ಗಂಟೆಯನ್ನು ನೆನೆದು ನನಗೆ ಅಳು ಬಂತು. ಟೈರು ನೋಡುವ ನೆಪದಲ್ಲಿ ಬಗ್ಗಿದೆ.

ಸಂಜೆ ಐದಕ್ಕೆ ಅವಳ ಕೆಲಸ ಮುಗಿದಿತ್ತು. ಆ ದಿನದ್ದಲ್ಲ, ಪೂರ್ತಿಯಾಗಿ. ಕಾಫಿ ಫ್ಲಾಸ್ಕು, ಆರ್ಲೋನ ಫೋಟೋ, ಕೆಂಪು ದಿಂಬು ಗಾಡಿಗೆ ಹೋದವು. ಟೆವಿಟಾ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಂದೆ ಇಟ್ಟು ಹಗ್ಗ ಬಿಗಿದ. ವರ್ಲೀನ್ ಹಗ್ಗವನ್ನು ಎಳೆದು ನೋಡಿದಳು, ಇನ್ನೊಂದು ಗಂಟು ಹಾಕಿಸಿದಳು. ಅವನು ಜೇಬಿನಿಂದ ಬೀಗ ತೆಗೆದು ಅವಳ ಕಡೆ ಹಿಡಿದ.

ಅವಳು ಗಾಡಿ ಹತ್ತಿ ಬಾಗಿಲು ಹಾಕಿಕೊಂಡು ಕಿಟಕಿಯ ಗಾಜು ಇಳಿಸಿದಳು.

"ನಿನ್ನ ಹತ್ರಾನೇ ಇರಲಿ ಅದು," ಅಂದಳು. "ಗುರುವಾರ ಈ ಗೇಟಿಗೆ ಇನ್ನೊಬ್ಬಳು ಬರ್ತಾಳೆ. ಅವಳನ್ನ ನಂಬಬೇಡ."